ತಟ್ಟೆಯಲ್ಲಿ ಉಳಿದ ದನಿ, ತಟ್ಟೆಗೆ ಬಾರದ ದನಿ

ನಾಡಿನ ಪೂರ್ವಚರಿತ್ರೆಯನ್ನು ಅರಿಯಲೆಳಸುವವರು ಕಲ್ಲಿನ ಶಾಸನವನ್ನು ಓದುವರು; ತಾಮ್ರಪಟವನ್ನು ಓದುವರು; ಓಲೆಯ ಗರಿಗಳನ್ನು ಬಿಡಿಸಿ ನೋಡುವರು. ಇವೆಲ್ಲವೂ ಕಣ್ಣಿಗೆ ಒದಗುವ ಸಾಧನಗಳು. ಕಿವಿಗೆ ಒದಗುವ ಸಾಧನವಾದರೋ ತೀರ ಈಚಿನದು; ಈ ದೇಶದಲ್ಲಿ ಅದರ ವಯಸ್ಸು ನೂರಿಪ್ಪತ್ತು ವರ್ಷಗಳಿಗಿಂತ ತುಸು ಹೆಚ್ಚು, ಅಷ್ಟೆ. ಅದಕ್ಕೂ ಹಿಂದೆ ಹಾಡಿದವರು ಎಷ್ಟೇ ದೊಡ್ಡವರಾಗಿರಲಿ, ಅವರ ದನಿಯು ಅವರ ಉಸಿರಿನೊಡನೆಯೇ ಹೋಯಿತು. ಗೋಳಗುಮ್ಮಟದ ಮರುದನಿಯು ಎಷ್ಟು ಸಲ ಮರಳಿದರೂ ಕೆಲವು ಕ್ಷಣಗಳಲ್ಲಿ ಅಡಗುವಂತೆ, ಕೇಳಿದವರ ನೆನಪಿನಲ್ಲಿ ಒಂದೆರಡು ತಲೆಮಾರು ಸುಳಿದಾಡಿ ಅದು ಅಡಗಿಹೋಯಿತು.

ವಿಜಯಪುರ ಸೀಮೆಯಲ್ಲಿ ಈ ಮಾತಿಗೆ ಹಿರಿದಾದ ನಿದರ್ಶನವೊಂದು ಉಂಟು. 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನು ಸಂಗೀತಕ್ಕೆ ತನ್ನನ್ನು ತೆತ್ತುಕೊಂಡ ಅರಸನು. ಅವನು ದಖನಿ ಮಾತಿನಲ್ಲಿ ರಚಿಸಿದ ‘ಕಿತಾಬ್-ಎ-ನೌರಸ್’ ಎಂಬ ಗ್ರಂಥದಲ್ಲಿ 59 ಗೀತಗಳೂ 17 ದೋಹೆಗಳೂ ಇರುವವು. ಗೀತಗಳಿಗೆ ರಾಗದ ಹೆಸರೂ ಉಂಟು. ತಿಕೋಟೆಯ ದಾರಿಯಲ್ಲಿರುವ ತೊರವಿಯ ಬಳಿ 1599ರಲ್ಲಿ ಅವನು ನೌರಸಪುರವೆಂಬ ಹೊಸ ಪಟ್ಟಣವನ್ನೇ ಕಟ್ಟಲು ತೊಡಗಿದನು; 1624ರಲ್ಲಿ ಮಲಿಕ ಅಂಬರನು ಅದನ್ನು ಹಾಳುಗೆಡವಿದನು. ಅರಸನು ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟಿದ್ದನೆಂಬ ಸಂಗತಿಯು ಕೂಡ ಉಳಿದುಬಂದಿದೆ. ಆದರೆ ಆ ತಂಬೂರಿಯ ನಾದ ಎಂತಹದು, ಆ ಗೀತಗಳನ್ನು ಯಾವ ನಡೆಯಲ್ಲಿ ಹಾಡುತ್ತಿದ್ದರು, ಅರಸನ ಕಂಠವು ಮಂದ್ರಕ್ಕೆ ಒಲಿದಿತ್ತೋ ತಾರಕ್ಕೆ ಒಲಿದಿತ್ತೋ, ಇವನ್ನು ಯಾವ ಪಂಡಿತನೂ ಹೇಳಲಾರನು. ಪದ ಉಳಿಯಿತು; ರಾಗದ ಹೆಸರು ಉಳಿಯಿತು; ಹಾಡು ಉಳಿಯಲಿಲ್ಲ.

ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಮಾಡಿದ ಕಾರ್ಯವನ್ನೂ ಇಲ್ಲಿ ನೆನೆಯಬೇಕು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಆಯ್ದು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಕನ್ನಡ ಜಾನಪದ ಸಾಹಿತ್ಯಕ್ಕೆ ಅದು ಅಡಿಗಲ್ಲಿನಂತಹ ಪುಸ್ತಕ. ಆದರೂ ಅಚ್ಚಿನ ಮೊಳೆಯು ಹಿಡಿಯಬಲ್ಲುದು ನುಡಿಯನ್ನು ಮಾತ್ರ. ಬೀಸುಕಲ್ಲಿನ ಸುತ್ತಿಗೆ ಹೊಂದಿಕೊಂಡು ಏಳುವ ಬೀಳುವ ಆ ರಾಗ, ಸಾಲಿನ ಕೊನೆಯಲ್ಲಿ ಉಸಿರು ತಿರುಗುವ ಆ ಬಗೆ ಇವು ಪುಸ್ತಕದ ಹೊರಗೇ ನಿಂತವು. ವಿಚಿತ್ರವೆಂದರೆ, ಆ ಹೊತ್ತಿಗೆ ಗ್ರಾಮಫೋನ್ ತಟ್ಟೆಯು ಬಳಕೆಗೆ ಬಂದು ಮೂವತ್ತು ವರ್ಷಗಳು ಸಮೀಪಿಸಿದ್ದವು.

ದನಿಯನ್ನು ಹಿಡಿದಿಡುವ ಈ ಯಂತ್ರವು ಹಿಂದುಸ್ತಾನಕ್ಕೆ ಬಂದದ್ದು ವಿದ್ಯೆಯ ಸಾಧನವಾಗಿ ಅಲ್ಲ, ವ್ಯಾಪಾರದ ಸರಕಾಗಿ. ಲಂಡನ್ನಿನ ಗ್ರಾಮಫೋನ್ ಕಂಪನಿಯು 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಜ್ಞನನ್ನು ಕಲಕತ್ತೆಗೆ ಕಳುಹಿಸಿತು. ಆ ವರ್ಷದ ನವೆಂಬರ ತಿಂಗಳಿನಲ್ಲಿ ಪ್ರಸಿದ್ಧ ಗಾಯಕಿ ಗೌಹರಜಾನರು ಅವನ ಯಂತ್ರಕ್ಕೆ ಹಾಡಿದರು. ಇವರೇ ಮುಂದೆ ಮೈಸೂರಿನ ಅರಮನೆಯ ಆಶ್ರಯವನ್ನು ಪಡೆದು 1930ರಲ್ಲಿ ಅಲ್ಲಿಯೇ ಕಾಲವಾದರು. ಅಂದಿನ ಮುದ್ರಣಗಳನ್ನು ಜರ್ಮನಿಯ ಹ್ಯಾನೋವರ್ ನಗರಕ್ಕೆ ಸಾಗಿಸಿ ಅಲ್ಲಿ ತಟ್ಟೆಗಳನ್ನು ಒತ್ತಿಸಿ ತರಬೇಕಾಗಿತ್ತು. ಈ ದೇಶದ ಭಾಷೆಯರಿಯದ ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಗವಾಯಿಗಳು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. 1908ರಲ್ಲಿ ಕಲಕತ್ತೆಯಲ್ಲಿಯೇ ಕಾರಖಾನೆ ತೆರೆದ ತರುವಾಯ ತಟ್ಟೆಯ ಬೆಲೆ ಇಳಿದು, ಸಣ್ಣ ಪಟ್ಟಣಗಳ ವಾಡೆಗಳಿಗೂ ಅಂಗಡಿಗಳಿಗೂ ಅದು ನಡೆದುಬಂದಿತು.

ಈ ತಟ್ಟೆಯು ಹುಟ್ಟುವ ಬಗೆಯನ್ನು ತಿಳಿಯದಿದ್ದರೆ ಅದರ ಚರಿತ್ರೆಯು ತಿಳಿಯದು. ಗವಾಯಿಯ ಮುಂದೆ ತಿರುಗುತ್ತಿದ್ದುದು ಮಾರಾಟದ ತಟ್ಟೆಯಲ್ಲ. ಮೇಣದ ದಪ್ಪ ಬಿಲ್ಲೆ. ದನಿಯ ಕಂಪನದಿಂದ ಅಲುಗುವ ಮೊನೆಯು ಆ ಮೇಣದಲ್ಲಿ ಸುರುಳಿಯಾದ ಗೆರೆಯನ್ನು ಕೊರೆಯುವದು. ಮೊದಮೊದಲು ಗವಾಯಿಯು ತುತ್ತೂರಿಯಂತಹ ಕೊಳವೆಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಾಗಿತ್ತು. 1925ರ ಈಚೆಗೆ ವಿದ್ಯುತ್ತಿನ ಮೈಕ್ರೋಫೋನು ಬಂದು ಆ ಕಷ್ಟ ತಪ್ಪಿತು. ಕೊರೆದ ಮೇಣದ ಮೇಲೆ ವಿದ್ಯುತ್ತಿನ ಸಹಾಯದಿಂದ ತಾಮ್ರದ ಲೇಪವನ್ನು ಬೆಳೆಯಿಸಿ ಸುಲಿದು ತೆಗೆದರೆ, ಉಬ್ಬುಗೆರೆಗಳುಳ್ಳ ಲೋಹದ ಅಚ್ಚು ದೊರೆಯುವದು. ಅರಗಿನಲ್ಲಿ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿದ ಬಿಸಿ ಮುದ್ದೆಯನ್ನು ಆ ಅಚ್ಚಿನಲ್ಲಿ ಒತ್ತಿದರೆ ತಟ್ಟೆಯು ಸಿದ್ಧವಾಗುವದು. ಮಿನಿಟಿಗೆ 78 ಸುತ್ತುಗಳಂತೆ ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಮೂರು ಮಿನಿಟುಗಳ, ಹೆಚ್ಚೆಂದರೆ ಮೂರೂವರೆ ಮಿನಿಟುಗಳ ಹಾಡು ಹಿಡಿಯುತ್ತಿತ್ತು.

ರಾತ್ರಿಯೆಲ್ಲ ಹಾಡಿದರೂ ಮುಗಿಯದ ರಾಗವನ್ನು ಮೂರು ಮಿನಿಟುಗಳಿಗೆ ಇಳಿಸುವದೆಂದರೆ ಸಾಗರವನ್ನು ಗಿಂಡಿಗೆ ತುಂಬಿದಂತೆ. ಎಷ್ಟೋ ಗವಾಯಿಗಳು ಇದನ್ನು ಒಲ್ಲೆನೆಂದರು. ಒಪ್ಪಿದವರು ವಿಲಂಬಿತವನ್ನು ಬಿಟ್ಟು ದ್ರುತಕ್ಕೆ ಕೈಹಚ್ಚಿದರು. ಆಲಾಪವನ್ನು ಒಂದೆರಡು ಎಳೆಗಳಲ್ಲಿ ಮುಗಿಸಿದರು. ಧಾರವಾಡ ಮಿರಜಗಳ ರಸಿಕರಿಗೆ ಚಿರಪರಿಚಿತರಾಗಿದ್ದ ಅಬ್ದುಲಕರೀಮಖಾನರು 1937ರಲ್ಲಿ ತೀರಿಕೊಳ್ಳುವದಕ್ಕೆ ಕೆಲವೇ ವರ್ಷಗಳ ಮುಂಚೆ ಓಡಿಯನ್ ಕಂಪನಿಗೆ ಹಾಡಿದ ತಟ್ಟೆಗಳು ಈ ಸಂಕ್ಷೇಪದ ಕಲೆಗೆ ಮೇರೆಯಾಗಿರುವವು. ಅವನ್ನು ಕೇಳಿದವರಿಗೆ ಖಾನಸಾಹೇಬರ ಮಾಧುರ್ಯವು ತಿಳಿಯುವದು. ಆದರೆ ಅವರು ಬೈಠಕಿನಲ್ಲಿ ರಾಗವನ್ನು ಹೇಗೆ ಬೆಳೆಯಿಸುತ್ತಿದ್ದರೆಂಬುದು ತಿಳಿಯದು. ತಟ್ಟೆಯು ಸುಳ್ಳು ಹೇಳುವದಿಲ್ಲ. ಎಲ್ಲವನ್ನೂ ಹೇಳುವದೂ ಇಲ್ಲ.

ಬಬಲೇಶ್ವರದ ತೆಂಕಣಕ್ಕೆ ಕೃಷ್ಣೆಯನ್ನು ದಾಟಿದರೆ ಬೀಳಗಿಯು ಸಿಕ್ಕುವದು. 1997ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಗುವ ವರೆಗೆ ಅದು ವಿಜಾಪುರ ಜಿಲ್ಲೆಗೆ ಸೇರಿದ್ದ ಊರು. ತಟ್ಟೆಯ ಮೂಲಕ ದೇಶಕ್ಕೆಲ್ಲ ಕೇಳಿಸಿದ ಅಕ್ಕತಂಗಿಯರಿಬ್ಬರ ತವರು ಇದು. ಅಕ್ಕ ಗೌಹರಬಾಯಿಯವರು ಮರಾಠಿ ರಂಗಭೂಮಿಯ ಬಾಲಗಂಧರ್ವರ ಗಾಯನ ಪದ್ಧತಿಯನ್ನು ತಮ್ಮದಾಗಿಸಿಕೊಂಡು, 1930ರ ದಶಕದ ಕೊನೆಯಲ್ಲಿ ಅವರ ನಾಟಕ ಮಂಡಳಿಯನ್ನೇ ಸೇರಿದರು. ತಂಗಿ ಅಮೀರಬಾಯಿಯವರು ಮುಂಬಯಿಗೆ ಹೋಗಿ 1934ರಲ್ಲಿ ಬೋಲಪಟವನ್ನು ಹೊಕ್ಕರು. 1943ರಲ್ಲಿ ತೆರೆಕಂಡ ‘ಕಿಸ್ಮತ್’ ಚಿತ್ರದಲ್ಲಿ ನಾಯಿಕೆ ಮುಮತಾಜ ಶಾಂತಿಯವರಿಗೆ ಅಮೀರಬಾಯಿಯವರು ದನಿಯಾದರು. ಆ ಚಿತ್ರವು ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು. 1948ರಲ್ಲಿ ‘ಶಹನಾಜ’ ಎಂಬ ಚಿತ್ರಕ್ಕೆ ಅವರು ಸಂಗೀತವನ್ನೂ ಕೂಡಿಸಿದರು. ಹೆಣ್ಣುಮಗಳೊಬ್ಬಳು ಚಿತ್ರಕ್ಕೆ ಸಂಗೀತ ಕೂಡಿಸುವದು ಅಂದಿಗೆ ತೀರ ವಿರಳವಾದ ಮಾತು. 1965ರಲ್ಲಿ ತೀರಿಕೊಂಡ ಅವರ ಹೆಸರನ್ನು ವಿಜಯಪುರದಲ್ಲಿ ‘ಅಮೀರ ಟಾಕೀಸ್’ ಹೊತ್ತುಕೊಂಡಿತು. ರಹಮತ ತರೀಕೆರೆಯವರು ಅವರ ಜೀವನವನ್ನು ಕುರಿತು ಕನ್ನಡದಲ್ಲಿ ಗ್ರಂಥವನ್ನೇ ಬರೆದಿರುವರು.

ಅಕ್ಕತಂಗಿಯರ ಹೆಸರಿನ ಮುಂದೆ ‘ಕರ್ನಾಟಕಿ’ ಎಂಬ ಮಾತು ಅಂಟಿಕೊಂಡಿತು. ಆದರೆ ಲೋಕವು ಅವರನ್ನು ಅರಿತದ್ದು ಹಿಂದಿ ಮರಾಠಿಗಳ ಹಾಡುಗಳಿಂದ. ಅವರು ಬೆಳೆದ ಸೀಮೆಯಲ್ಲಿ ಅಂದು ಕಂಪನಿ ನಾಟಕಗಳು ಊರೂರು ತಿರುಗುತ್ತಿದ್ದವು. ಜಾತ್ರೆಯಿಂದ ಜಾತ್ರೆಗೆ ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದವು. ಒಂದೊಂದು ನಾಟಕದಲ್ಲಿಯೂ ಹತ್ತಾರು ರಂಗಗೀತಗಳು. ಮೆಚ್ಚಿದ ಹಾಡಿಗೆ ಮೇಲಿಂದ ಮೇಲೆ ‘ಒನ್ಸ್ ಮೋರ್’. ಅವುಗಳಲ್ಲಿ ಕಂಪನಿಯ ಲಾಭದ ಲೆಕ್ಕಕ್ಕೆ ಬಂದ ಕೆಲವು ಮಾತ್ರ ತಟ್ಟೆಯನ್ನು ಸೇರಿದವು. ಉಳಿದವು ದೀಪ ಆರಿದೊಡನೆ ಆರಿದವು. ಬೋಲಪಟದ ಪಾಡೂ ಇದಕ್ಕಿಂತ ಹೆಚ್ಚು ಲೇಸಲ್ಲ. 1934ರ ಮಾರ್ಚದಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡವು ಬೆಳ್ಳಿತೆರೆಯ ಮೇಲೆ ಆಡಿದ ಮೊದಲ ಮಾತೇ ಕನ್ನಡಿಗರ ಕಿವಿಗೆ ದೊರೆಯದಂತಾಯಿತು.

ಉಳಿದ ತಟ್ಟೆಯು ಎಂತಹ ಸಾಕ್ಷಿಯಾಗಬಲ್ಲುದೆಂಬುದಕ್ಕೆ ಗಂಗೂಬಾಯಿ ಹಾನಗಲ್ಲರ (1913–2009) ಮೊದಲ ತಟ್ಟೆಗಳು ನಿದರ್ಶನವಾಗಿರುವವು. 1930ರ ದಶಕದ ಮೊದಲ ಭಾಗದಲ್ಲಿ ಹಿಜ್ ಮಾಸ್ಟರ್ಸ್ ವಾಯ್ಸ್ ಕಂಪನಿಯು ಅವರನ್ನು ಮುಂಬಯಿಗೆ ಕರೆಯಿಸಿ, ‘ಗಾಂಧಾರಿ’ ಎಂಬ ಹೆಸರಿನಿಂದ ತಟ್ಟೆಗಳನ್ನು ಹೊರಡಿಸಿತು. ಇಂದಿನ ರಸಿಕರು ಬಲ್ಲ ಗಂಗೂಬಾಯಿಯವರ ದನಿಯು ಗಂಭೀರವಾದದ್ದು, ಗಂಡುದನಿಯಂತೆ ತುಂಬಿದ್ದು. ಆ ಮೊದಲ ತಟ್ಟೆಗಳಲ್ಲಿ ಕೇಳುವದಾದರೋ ತೆಳುವಾದ, ತಾರಕ್ಕೆ ಸಲೀಸಾಗಿ ಏರುವ ಎಳೆಯ ಹೆಣ್ಣುದನಿ. ಗಂಟಲಿನ ಬೇನೆ ಹಾಗೂ ಚಿಕಿತ್ಸೆಯ ತರುವಾಯ ಅವರ ದನಿಯು ಬದಲಾಯಿತು. ತಟ್ಟೆಗಳು ಇಲ್ಲದಿದ್ದರೆ ಆ ಮೊದಲಿನ ದನಿಯು ಬರಿಯ ಕೇಳಿಕೆಯ ಮಾತಾಗುತ್ತಿತ್ತು. ಆದರೆ ಇಲ್ಲಿಯೂ ಇತಿಹಾಸಕಾರನು ಎಚ್ಚರದಿಂದ ಇರಬೇಕು. ಹಳೆಯ ತಟ್ಟೆಗಳೆಲ್ಲ ಸರಿಯಾಗಿ 78 ಸುತ್ತುಗಳ ವೇಗದಲ್ಲಿಯೇ ಕೊರೆದವುಗಳಲ್ಲ. ವೇಗವು ಎರಡು ಮೂರು ಸುತ್ತು ಹೆಚ್ಚುಕಡಿಮೆಯಾದರೆ ಸ್ವರವೂ ಏರಿಳಿಯುವದು. ಜೊತೆಯ ಪೆಟಿಗೆಯ ಅಥವಾ ತಂಬೂರಿಯ ಷಡ್ಜವನ್ನು ಗೊತ್ತುಪಡಿಸಿಕೊಂಡು ವೇಗವನ್ನು ತಿದ್ದಿದ ಮೇಲೆಯೇ ದನಿಯ ಎತ್ತರವನ್ನು ಕುರಿತು ಮಾತಾಡುವದು ಯುಕ್ತ.

ಇಲ್ಲಿಯ ವರೆಗೆ ಹೇಳಿದ್ದು ಪ್ರಕಟವಾದ ತಟ್ಟೆಗಳ ಮಾತು. ಹಾಡಿಯೂ ಪ್ರಕಟವಾಗದೆ ಉಳಿದವುಗಳ ಕಥೆ ಬೇರೆ. ಪ್ರತಿಯೊಂದು ಮೇಣದ ಬಿಲ್ಲೆಗೆ ಕಂಪನಿಯವರು ಒಂದು ಕ್ರಮಾಂಕವನ್ನು ಕೊಡುತ್ತಿದ್ದರು. ಅದು ತಟ್ಟೆಯ ನಡುವಿನ ಚೀಟಿಯ ಅಂಚಿನಲ್ಲಿ ಸಣ್ಣದಾಗಿ ಕೆತ್ತಿದಂತೆ ಕಾಣುವದು. ಮಾರಾಟದ ಕ್ರಮಾಂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಸಂಶೋಧಕರು ಒಬ್ಬ ಗವಾಯಿಯ ತಟ್ಟೆಗಳನ್ನು ಈ ಅಂಕಗಳ ಸಾಲಿನಲ್ಲಿ ಜೋಡಿಸಿ ನೋಡಿದಾಗ ನಡುನಡುವೆ ಖಾಲಿ ಜಾಗಗಳು ಕಾಣುವವು. ಬೇರೆಯವರು ಅದೇ ದಿನ ಹಾಡಿದ್ದರೆ ಆ ಅಂಕವು ಅವರ ಪಾಲಿಗೆ ಹೋಗಿರಬಹುದು. ಇಲ್ಲವೇ ಆ ತಟ್ಟೆಯು ಇನ್ನೂ ಯಾರ ಕೈಗೂ ಸಿಕ್ಕಿರಲಿಕ್ಕಿಲ್ಲ. ಈ ಎರಡೂ ಅಲ್ಲವೆಂದು ಖಚಿತವಾದರೆ, ಅಲ್ಲಿ ಒಂದು ಹಾಡು ಹುಟ್ಟಿ ಹೊರಬರಲಿಲ್ಲವೆಂದು ತಿಳಿಯಬೇಕು. ಶಾಸನದಲ್ಲಿ ಚಕ್ಕೆ ಎದ್ದುಹೋದ ಅಕ್ಷರದಂತೆ, ಇಲ್ಲದ ಅಂಕವೂ ಇಲ್ಲಿ ಒಂದು ಪ್ರಮಾಣವಾಗುವದು.

ಹಾಗೆ ಹೊರಬಾರದ ಹಾಡಿನ ಗತಿಯೇನಾಯಿತು? ಮೇಣದ ಬಿಲ್ಲೆಯನ್ನು ಒಂದು ಸಲ ನುಡಿಸಿದರೂ ಗೆರೆಯು ಕೆಡುತ್ತಿತ್ತು. ಉಸಿರು ಮುರಿದರೆ, ತಬಲೆಯು ತಪ್ಪಿದರೆ, ಕೆಮ್ಮಿನ ಸದ್ದು ಬಿದ್ದರೆ ಆ ಬಿಲ್ಲೆಯನ್ನು ಹೆರೆದು ನುಣುಪು ಮಾಡಿ, ಮತ್ತೊಬ್ಬರ ಹಾಡಿಗೆ ಬಳಸುತ್ತಿದ್ದರು. ಮೇಣಕ್ಕೆ ಬೆಲೆಯಿತ್ತು, ತಪ್ಪಿದ ಹಾಡಿಗೆ ಇರಲಿಲ್ಲ. ಅದನ್ನು ದಾಟಿ ಲೋಹದ ಅಚ್ಚಾದರೂ, ಅದರಿಂದ ಒಂದೆರಡು ಮಾದರಿ ತಟ್ಟೆಗಳನ್ನು ಒತ್ತಿ ಕೇಳಿದ ಮೇಲೆ ಕಂಪನಿಯವರಾಗಲಿ ಗವಾಯಿಯಾಗಲಿ ಬೇಡವೆನ್ನಬಹುದಿತ್ತು. ಅಂತಹ ಒಂದೇ ಬದಿಯ, ಚಿತ್ರದ ಚೀಟಿಯಿಲ್ಲದ ಮಾದರಿ ತಟ್ಟೆಯು ಗವಾಯಿಯ ಮನೆಯಲ್ಲಿ ಉಳಿದಿದ್ದರೆ ಅದೇ ಆ ಹಾಡಿನ ಏಕಮಾತ್ರ ಪ್ರತಿಯಾಗಿರುವ ಸಂಭವವುಂಟು. ನೋಡುವವರ ಕಣ್ಣಿಗೆ ಅದು ಹೆಸರಿಲ್ಲದ ಹಾಳು ತಟ್ಟೆ. ಗುಜರಿಗೆ ಮೊದಲು ಹೋಗುವದೂ ಅದೇ.

ಈ ಸ್ಥಿತಿಯನ್ನು ವಿಲಾಯತಿಯ ಒಂದು ಪ್ರಸಂಗದೊಡನೆ ಹೋಲಿಸಿ ನೋಡಬೇಕು. ಲಿವರ್‌ಪೂಲಿನ ‘ಬೀಟಲ್ಸ್’ ಎಂಬ ನಾಲ್ವರು ತರುಣರ ವಾದ್ಯವೃಂದವು 1962ರ ಜನವರಿ 1ರಂದು ಲಂಡನ್ನಿನ ಡೆಕ್ಕಾ ಕಂಪನಿಯಲ್ಲಿ ಪರೀಕ್ಷೆಗೆಂದು 15 ಹಾಡುಗಳನ್ನು ಹಾಡಿತು. ಕಂಪನಿಯು ಅವರನ್ನು ಒಲ್ಲೆನೆಂದಿತು. ಅದೇ ವರ್ಷ ಇ.ಎಂ.ಐ. ಸಂಸ್ಥೆಯು ಅವರನ್ನು ಕರೆದುಕೊಂಡಿತು. ಮುಂದಿನ ಕೀರ್ತಿಯನ್ನು ಲೋಕವೆಲ್ಲ ಬಲ್ಲುದು. ಆದರೆ ತಿರಸ್ಕೃತವಾದ ಆ ಹಾಡುಗಳು ನಾಶವಾಗಲಿಲ್ಲ. ಅವುಗಳಲ್ಲಿ ಐದು, 33 ವರ್ಷಗಳ ತರುವಾಯ, 1995ರಲ್ಲಿ ಅಧಿಕೃತವಾಗಿ ಪ್ರಕಟವಾದವು. 1995–96ರಲ್ಲಿ ಹೊರಬಂದ ಮೂರು ಸಂಪುಟಗಳಲ್ಲಿ ತಪ್ಪಿದ ಹಾಡು, ಅರ್ಧಕ್ಕೆ ನಿಂತ ಹಾಡು, ನಡುವಿನ ನಗೆಮಾತು ಸಹ ಸೇರಿದವು. ಅಷ್ಟು ಹೊತ್ತಿಗೆ ಕಾಲವು ಮೇಣದಿಂದ ಕಾಂತಸುರುಳಿಗೆ ಬಂದಿತ್ತು. ಸುರುಳಿಯನ್ನು ಎಷ್ಟು ಸಲ ಕೇಳಿದರೂ ಅದು ಕೆಡದು. ಕಪಾಟಿನಲ್ಲಿಟ್ಟರೆ ದಶಕಗಳ ಕಾಲ ಇರುವದು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಗಂಗೂಬಾಯಿಯವರ ತಟ್ಟೆಯ ಮೇಲೆ ತುತ್ತೂರಿಗೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವಿತ್ತಲ್ಲ, ಆ ಕಂಪನಿಯು 1931ರಲ್ಲಿ ವಿಲೀನವಾದದ್ದು ಇದೇ ಇ.ಎಂ.ಐ. ಸಂಸ್ಥೆಯಲ್ಲಿ. ಒಡೆತನವು ಒಂದೇ, ಆದರೆ ಅಲ್ಲಿ ತಪ್ಪು ಹಾಡಿಗೂ ಭಂಡಾರ, ಇಲ್ಲಿ ಒಪ್ಪಾದ ಹಾಡಿಗೂ ಮೂರು ಮಿನಿಟು. ಇದಕ್ಕೆ ಕಾಲದ ಯಂತ್ರವು ಒಂದು ಕಾರಣ. ಕೊಳ್ಳುವವರ ಸಂಖ್ಯೆಯು ಮತ್ತೊಂದು ಕಾರಣ.

ಕಾಂತಸುರುಳಿಯು ಈ ನಾಡಿಗೂ ಬಂದಿತು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ತೆರೆಯಿತು. ಮಲ್ಲಿಕಾರ್ಜುನ ಮನಸೂರರಂತಹ ಹಿರಿಯ ಗಾಯಕರು ಅದಕ್ಕೆ ಸಲಹೆಗಾರರಾಗಿ ದುಡಿದರು. ಮೂರು ಮಿನಿಟುಗಳ ಕಟ್ಟು ಅಲ್ಲಿ ಸಡಿಲಿತು. ಅರ್ಧ ತಾಸು, ಮುಕ್ಕಾಲು ತಾಸು ಒಂದೇ ರಾಗವನ್ನು ಬೆಳೆಯಿಸಿ ಹಾಡುವ ಅವಕಾಶವು ದೊರೆಯಿತು. ಹಿರಿಯ ಗವಾಯಿಗಳ ಸಂಪೂರ್ಣ ಗಾಯನದ ರೂಪವು ಇಂದು ತಿಳಿಯುತ್ತಿದ್ದರೆ ಅದಕ್ಕೆ ಬಾನುಲಿಯ ಸುರುಳಿಗಳೇ ಬಹುಮಟ್ಟಿಗೆ ಆಧಾರ. ಆದರೂ ಸುರುಳಿಗೆ ಒಂದು ದೋಷವುಂಟು: ಅಳಿಸಿ ಮತ್ತೆ ಬಳಸಬಹುದಾದದ್ದು ಅದು. ಸುರುಳಿಯ ಬೆಲೆ ಹೆಚ್ಚಾಗಿದ್ದ ಕಾಲದಲ್ಲಿ ಲೋಕದ ಎಷ್ಟೋ ಪ್ರಸಾರ ಕೇಂದ್ರಗಳಲ್ಲಿ ಹಳೆಯ ಕಾರ್ಯಕ್ರಮದ ಮೇಲೆ ಹೊಸದು ಬಂದು ಕುಳಿತಿತು. ಮೇಣವನ್ನು ಹೆರೆದ ಕೈಯೇ ಇಲ್ಲಿಯೂ ಬೇರೆ ರೂಪದಿಂದ ಕೆಲಸ ಮಾಡಿತು.

ಮುಂದೆ ಸಣ್ಣ ಕ್ಯಾಸೆಟ್ಟು ಬಂದು ಮುದ್ರಣದ ಅಧಿಕಾರವು ಕಂಪನಿಯ ಕೈಯಿಂದ ಮನೆಯವರ ಕೈಗೆ ಇಳಿಯಿತು. ವಿಜಯಪುರ, ಬಬಲೇಶ್ವರ, ತಿಕೋಟೆಗಳಂತಹ ಊರುಗಳಲ್ಲಿ ಜಾತ್ರೆಯ ನಾಟಕ, ಶ್ರಾವಣದ ಭಜನೆ, ಮೊಹರಮ್ಮಿನ ರಿವಾಯತು, ಮದುವೆಯ ಸೋಬಾನೆ, ಅಜ್ಜಿಯ ಬೀಸುವ ಪದ ಇವನ್ನೆಲ್ಲ ಯಾರು ಬೇಕಾದರೂ ಹಿಡಿದಿಡುವ ಕಾಲವು ಒದಗಿತು. ಯಾವ ಕಂಪನಿಯೂ ಪ್ರಕಟಿಸದ, ಪ್ರಕಟಿಸಲು ಎಣಿಸಲೂ ಇಲ್ಲದ ಈ ಮುದ್ರಣಗಳೇ ಸೀಮೆಯ ನಿಜವಾದ ಅಪ್ರಕಟಿತ ಭಂಡಾರ. ಹಲಸಂಗಿಯ ಗೆಳೆಯರ ಪುಸ್ತಕದಲ್ಲಿ ಸಿಗದ ದನಿಯು ಇಂತಹ ಒಂದು ಕ್ಯಾಸೆಟ್ಟಿನಲ್ಲಿ ಕುಳಿತಿರಬಹುದು. ಆದರೆ ಕ್ಯಾಸೆಟ್ಟಿನ ಆಯುಷ್ಯವು ತಟ್ಟೆಗಿಂತ ಕಡಿಮೆ. ನೂರು ವರ್ಷದ ಅರಗಿನ ತಟ್ಟೆಯು ಇಂದಿಗೂ ಹಾಡುವದು. ನಾಲ್ವತ್ತು ವರ್ಷದ ಸುರುಳಿಯು ಬೂಸುರು ಹಿಡಿದು, ಒಂದಕ್ಕೊಂದು ಅಂಟಿಕೊಂಡು, ದನಿಯನ್ನು ಮಸಕುಗೊಳಿಸುತ್ತ ಹೋಗುವದು. ನುಡಿಸುವ ಯಂತ್ರವೂ ಪೇಟೆಯಲ್ಲಿ ಅಪರೂಪವಾಗುತ್ತಿದೆ.

ಹಳೆಯ ತಟ್ಟೆಗಳನ್ನು ಕೂಡಿಸಿ ಕಾಯುವ ಕೆಲಸವು ಈ ದೇಶದಲ್ಲಿ ಸಾಗದೆ ಇಲ್ಲ. ಮುಂಬಯಿಯ ತಟ್ಟೆ ಸಂಗ್ರಾಹಕರ ಸಂಘವು 1990ರಿಂದ ಈ ವಿಷಯದಲ್ಲಿ ದುಡಿದಿದೆ. ಬೆಂಗಳೂರಿನಲ್ಲಿ ವಿಕ್ರಮ ಸಂಪತ್ತರು ಕಟ್ಟಿದ ಭಾರತೀಯ ಸಂಗೀತದ ಧ್ವನಿಭಂಡಾರವು ಹಳೆಯ ತಟ್ಟೆಗಳನ್ನು ಗಣಕಕ್ಕೆ ಇಳಿಸಿ ಸಾರ್ವಜನಿಕರಿಗೆ ಕೇಳಿಸುತ್ತ ಬಂದಿದೆ. ಕಾನೂನೂ ಇದಕ್ಕೆ ಅಡ್ಡಿಯಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಮೇರೆಗೆ ಧ್ವನಿಮುದ್ರಣದ ಹಕ್ಕು, ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ 60 ವರ್ಷಗಳ ವರೆಗೆ ಮಾತ್ರ ಇರುವದು. ಆದುದರಿಂದ 1930ರ, 1940ರ ದಶಕಗಳ ತಟ್ಟೆಗಳ ಮೇಲಣ ಆ ಹಕ್ಕು ಎಂದೋ ತೀರಿದೆ. ಹಾಡಿನ ಸಾಹಿತ್ಯದ ಹಾಗೂ ಸಂಗೀತ ರಚನೆಯ ಹಕ್ಕು ಬೇರೆ. ಮನೆಯ ಮುದ್ರಣವನ್ನು ಲೋಕಕ್ಕೆ ಬಿಡುವ ಮುನ್ನ ಹಾಡಿದವರ ಮನೆಯವರನ್ನು ಕೇಳುವದು ಧರ್ಮ.

ವಿದ್ಯಾವಂತ ಕುಟುಂಬಗಳು ಮಾಡಬೇಕಾದ ಕೆಲಸವು ದೊಡ್ಡದಲ್ಲ. ಅಟ್ಟದ ಮೇಲಿನ ತಟ್ಟೆಗಳನ್ನು ಒಂದರ ಮೇಲೊಂದು ಒಟ್ಟದೆ ನೆಟ್ಟಗೆ ನಿಲ್ಲಿಸಿಡಬೇಕು. ಬಿಸಿಲಿಗೆ ಒಡ್ಡಿದರೆ ಅವು ಸೊಟ್ಟಗಾಗುವವು. ಸ್ಪಿರಿಟ್ಟಿನಿಂದ ಒರಸಲಾಗದು, ಅದು ಅರಗನ್ನೇ ಕರಗಿಸುವದು. ಚೀಟಿಯು ನೆನೆಯದಂತೆ ಸೌಮ್ಯವಾದ ಸಾಬೂನಿನ ನೀರಿನಿಂದ ತೊಳೆದರೆ ಸಾಕು. ಹಳೆಯ ಯಂತ್ರದ ಉಕ್ಕಿನ ಮುಳ್ಳನ್ನು ಬದಿಗೊಂದರಂತೆ ಬದಲಿಸದೆ ನುಡಿಸಿದರೆ ಗೆರೆಯು ಸವೆಯುವದು. ಚೀಟಿಯಿಲ್ಲದ, ಒಂದೇ ಬದಿಯ ತಟ್ಟೆಯನ್ನು ಎಸೆಯುವ ಮುನ್ನ ಅದರ ಮೇಲೆ ಕೆತ್ತಿದ ಅಂಕವನ್ನು ಬರೆದುಕೊಳ್ಳಬೇಕು. ಕ್ಯಾಸೆಟ್ಟುಗಳನ್ನು ತಡಮಾಡದೆ ಗಣಕಕ್ಕೆ ಇಳಿಸಿ, ಯಾರ ದನಿ, ಯಾವ ಊರು, ಯಾವ ವರ್ಷ ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಹೆಸರಿಲ್ಲದ ದನಿಯು ಉಳಿದರೂ ಅರ್ಧ ಅಳಿದಂತೆ.

ಇಬ್ರಾಹಿಂ ಆದಿಲಶಹನಿಗೆ ರಾಜ್ಯವಿತ್ತು, ಭಂಡಾರವಿತ್ತು, ನುರಿತ ಲಿಪಿಕಾರರಿದ್ದರು. ತನ್ನ ಹಾಡಿನ ದನಿಯನ್ನು ಉಳಿಸಿಡುವ ಸಾಧನವೊಂದು ಮಾತ್ರ ಇರಲಿಲ್ಲ. ಇಂದು ಆ ಸಾಧನವು ಬಡವನ ಜೇಬಿನಲ್ಲಿಯೂ ಇರುವದು. ಮೇಣವನ್ನು ಹೆರೆದವರಿಗೆ ಮೇಣದ ಬೆಲೆಯ ನೆವವಿತ್ತು. ಸುರುಳಿಯನ್ನು ಅಳಿಸಿದವರಿಗೆ ಸುರುಳಿಯ ಬೆಲೆಯ ನೆವವಿತ್ತು. ಈ ಕಾಲದವರಿಗೆ ಅಂತಹ ನೆವವು ಯಾವದೂ ಉಳಿದಿಲ್ಲ.